ಜನವರಿ ಒಂದರ ಎರಡು ಪಟ್ಟಿಗಳು

ಪ್ರತಿವರ್ಷ ಜನವರಿ 1ರಂದು ದಿಲ್ಲಿಯಲ್ಲಿಯೂ ಇಸ್ಲಾಮಾಬಾದ್‌ನಲ್ಲಿಯೂ ಏಕಕಾಲಕ್ಕೆ ಒಂದು ಸಣ್ಣ ಕಾರ್ಯ ನಡೆಯುತ್ತದೆ. ಭಾರತ ಮತ್ತು ಪಾಕಿಸ್ತಾನಗಳು ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ರಾಜತಾಂತ್ರಿಕರ ಮೂಲಕ ಪರಸ್ಪರ ಹಸ್ತಾಂತರಿಸುತ್ತವೆ. ಇವುಗಳ ಮೇಲೆ ನೀವು ದಾಳಿ ಮಾಡಕೂಡದು, ನಿಮ್ಮವುಗಳ ಮೇಲೆ ನಾವು ಮಾಡುವುದಿಲ್ಲ ಎಂಬುದು ಅದರ ತಾತ್ಪರ್ಯ. 1992ರಲ್ಲಿ ಆರಂಭವಾದ ಈ ಕ್ರಮವು ಕಾರ್ಗಿಲ್ ಯುದ್ಧ ನಡೆದ ವರ್ಷವೂ ನಿಲ್ಲಲಿಲ್ಲ. ಸಂಸತ್ ಭವನದ ಮೇಲಿನ ದಾಳಿಯ ಬಳಿಕ ಗಡಿಯುದ್ದಕ್ಕೂ ಸೇನೆಗಳು ಜಮಾವಣೆಗೊಂಡಿದ್ದಾಗಲೂ ನಿಲ್ಲಲಿಲ್ಲ. ಮುಂಬೈ ಹತ್ಯಾಕಾಂಡ ನಡೆದು ಐದು ವಾರಗಳಷ್ಟೇ ಕಳೆದಿದ್ದ 2009ರ ಹೊಸ ವರ್ಷದಂದೂ ಪಟ್ಟಿಗಳು ಕೈ ಬದಲಾಯಿಸಿದವು. ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಅದು ಮುಗಿದು ಹೋಗುತ್ತದೆ. ಟಿ.ವಿ. ವಾಹಿನಿಗಳಿಗಂತೂ ಅದು ಸುದ್ದಿಯೇ ಅಲ್ಲ.

2025 ಈ ಎರಡು ದೇಶಗಳ ಸಂಬಂಧದ ಪಾಲಿಗೆ ಅತ್ಯಂತ ಕರಾಳ ವರ್ಷಗಳಲ್ಲೊಂದಾಗಿತ್ತು. ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರನ್ನು ಭಯೋತ್ಪಾದಕರು ಕೊಂದು ಹಾಕಿದರು. ಹತರಾದವರಲ್ಲಿ ಕನ್ನಡಿಗರಿದ್ದರು. ಪ್ರವಾಸಿಗರನ್ನು ರಕ್ಷಿಸಲು ಮುಂದಾಗಿ ಪ್ರಾಣ ತೆತ್ತ ಕಾಶ್ಮೀರಿ ಮುಸ್ಲಿಮ್ ಕುದುರೆ ಸವಾರನೂ ಇದ್ದ. ಮರುದಿನವೇ ಭಾರತವು 1960ರ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯಿತು. ಶಿಮ್ಲಾ ಒಪ್ಪಂದವೂ ಸೇರಿದಂತೆ ಎಲ್ಲ ದ್ವಿಪಕ್ಷೀಯ ಒಪ್ಪಂದಗಳನ್ನು ಅಮಾನತಿನಲ್ಲಿಡುವ ಹಕ್ಕು ತನಗಿದೆಯೆಂದು ಪಾಕಿಸ್ತಾನ ಸಾರಿತು. ಅಟಾರಿಯ ಬಾಗಿಲು ಮುಚ್ಚಿತು. ವೀಸಾಗಳು ರದ್ದಾದವು. ವಿಮಾನಗಳಿಗೆ ಆಕಾಶವೂ ಮುಚ್ಚಿತು. ಮೇ 7ರಿಂದ 10ರ ವರೆಗೆ ಕ್ಷಿಪಣಿ, ಡ್ರೋನ್‌ಗಳ ಸಮರವೇ ನಡೆಯಿತು. ಇಷ್ಟೆಲ್ಲ ಆದ ಮೇಲೂ 2026ರ ಜನವರಿ 1ರಂದು ಆ ಎರಡು ಪಟ್ಟಿಗಳು ಎಂದಿನಂತೆ ಹಸ್ತಾಂತರಗೊಂಡವು. ಅದು 35ನೆಯ ಸಲ.

ಉಳಿದೆಲ್ಲವೂ ಕಡಿದು ಬಿದ್ದಾಗ ಈ ಒಂದು ಎಳೆ ಮಾತ್ರ ಹೇಗೆ ಉಳಿಯಿತು? ಈ ಪ್ರಶ್ನೆಯ ಬಗ್ಗೆ ಗಂಭೀರವಾಗಿ ಚಿಂತಿಸುವ ಅಗತ್ಯವಿದೆಯೆಂದು ನಾವು ಭಾವಿಸುತ್ತೇವೆ.

ಈ ಒಪ್ಪಂದ ಹುಟ್ಟಿದ್ದು ಪ್ರೀತಿಯಿಂದಲ್ಲ, ಭಯದಿಂದ. ಇರಾಕ್‌ನ ಒಸಿರಾಕ್ ರಿಯಾಕ್ಟರನ್ನು 1981ರಲ್ಲಿ ಇಸ್ರೇಲ್ ಬಾಂಬ್ ಹಾಕಿ ನಾಶಪಡಿಸಿದ ತರುವಾಯ, ತನ್ನ ಕಹೂಟಾ ಸ್ಥಾವರಕ್ಕೂ ಅದೇ ಗತಿ ಬಂದೀತೆಂಬ ಆತಂಕ ಪಾಕಿಸ್ತಾನವನ್ನು ಕಾಡುತ್ತಿತ್ತು. 1985ರ ಡಿಸೆಂಬರ್‌ನಲ್ಲಿ ದಿಲ್ಲಿಗೆ ಬಂದ ಜನರಲ್ ಝಿಯಾವುಲ್ ಹಕ್ ಮತ್ತು ಪ್ರಧಾನಿ ರಾಜೀವ್ ಗಾಂಧಿಯವರ ನಡುವೆ ಬಾಯಿಮಾತಿನ ಒಂದು ತಿಳುವಳಿಕೆಯಾಯಿತು. ಅದು ಲಿಖಿತ ರೂಪ ಪಡೆದದ್ದು 1988ರ ಡಿಸೆಂಬರ್ 31ರಂದು, ಇಸ್ಲಾಮಾಬಾದ್‌ನಲ್ಲಿ, ಬೆನಝೀರ್ ಭುಟ್ಟೋ ಪ್ರಧಾನಿಯಾಗಿದ್ದಾಗ. ಗಮನಿಸಬೇಕಾದ ಅಂಶವೆಂದರೆ, ಈ ಮೂರು ವರ್ಷಗಳ ನಡುವೆ 'ಬ್ರಾಸ್‌ಟ್ಯಾಕ್ಸ್' ಸೇನಾ ಕವಾಯತಿನ ಸಂದರ್ಭದಲ್ಲಿ ಎರಡೂ ದೇಶಗಳು ಯುದ್ಧದ ಅಂಚಿಗೆ ಹೋಗಿ ಮರಳಿದ್ದವು. ಒಪ್ಪಂದ ಮಾತ್ರ ಸಾಯಲಿಲ್ಲ.

ಇಂದು ಜಗತ್ತಿನ ಉಳಿದ ಭಾಗಗಳತ್ತ ನೋಡಿದರೆ ಇದರ ಬೆಲೆ ಅರ್ಥವಾಗುತ್ತದೆ. ಉಕ್ರೇನಿನ ಝಪೊರಿಝಿಯಾ ಅಣು ವಿದ್ಯುತ್ ಸ್ಥಾವರವನ್ನು 2022ರ ಮಾರ್ಚ್‌ನಲ್ಲಿ ರಶ್ಯದ ಸೇನೆ ಶೆಲ್ ದಾಳಿಗಳ ನಡುವೆಯೇ ವಶಪಡಿಸಿಕೊಂಡಿತು. 2025ರ ಜೂನ್‌ನಲ್ಲಿ ಇರಾನಿನ ಅಣು ಕೇಂದ್ರಗಳ ಮೇಲೆ ಮೊದಲು ಇಸ್ರೇಲ್, ಬಳಿಕ ಅಮೆರಿಕ ಬಾಂಬ್ ಸುರಿದವು. ಅಣ್ವಸ್ತ್ರದ ಬಗ್ಗೆ ಲೋಕಕ್ಕೆಲ್ಲ ಉಪದೇಶ ನೀಡುವವರು ಹೀಗೆ ನಡೆದುಕೊಂಡರು. 'ಬೇಜವಾಬ್ದಾರಿ ದೇಶಗಳು' ಎಂದು ಅವರಿಂದಲೇ ಮೂದಲಿಕೆಗೊಳಗಾದ ಭಾರತ ಮತ್ತು ಪಾಕಿಸ್ತಾನಗಳಾದರೋ ಅಂತಹ ಕೃತ್ಯವನ್ನು ತಾವು ಎಸಗುವುದಿಲ್ಲವೆಂದು ಬರೆದುಕೊಟ್ಟು ಮೂರೂವರೆ ದಶಕಗಳಿಂದ ಮಾತು ಉಳಿಸಿಕೊಂಡಿವೆ. ವಿಪರ್ಯಾಸವೆಂದರೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಎರಡೂ ಕಡೆ ಇಲ್ಲ.

ನಮ್ಮ ಓದುಗರಲ್ಲಿ ಹಲವರು ಕರಾವಳಿಯವರು. ಕಾರವಾರದಿಂದ ಒಳನಾಡಿಗೆ ಹೋದರೆ ಕಾಳಿ ನದಿಯ ದಂಡೆಯಲ್ಲಿ, ದಟ್ಟ ಕಾಡಿನ ನಡುವೆ ಕೈಗಾ ಸ್ಥಾವರವಿದೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಅಲ್ಲಿವೆ. ಜನವರಿ 1ರ ಪಟ್ಟಿಗಳು ಬಹಿರಂಗಗೊಳ್ಳುವುದಿಲ್ಲ. ಆದರೆ ಅಣು ವಿದ್ಯುತ್ ರಿಯಾಕ್ಟರ್‌ಗಳೆಲ್ಲವೂ ಒಪ್ಪಂದದ ವ್ಯಾಖ್ಯೆಯೊಳಗೆ ಬರುವುದರಿಂದ ಕೈಗಾ ಅದರ ಹೊರಗಿರಲು ಸಾಧ್ಯವಿಲ್ಲ. ಅತ್ತ ಸಿಂಧೂ ನದಿಯ ದಡದ ಚಶ್ಮಾ ಸ್ಥಾವರವೂ ಅರಬಿ ಸಮುದ್ರದ ಅಂಚಿನ ಕರಾಚಿ ಸ್ಥಾವರವೂ ಇದೇ ಮಾತಿನ ಆಸರೆಯಲ್ಲಿವೆ. ಕರಾಚಿಯ ಬೆಸ್ತನೂ ಕಾರವಾರದ ಬೆಸ್ತನೂ ಬಲೆ ಬೀಸುವುದು ಒಂದೇ ಸಮುದ್ರಕ್ಕೆ. ಅಣು ವಿಕಿರಣಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ.

2025ರ ಮೇ ತಿಂಗಳಲ್ಲಿ ಈ ಮಾತು ಅಗ್ನಿಪರೀಕ್ಷೆಗೊಳಗಾಯಿತು. ಮೇ 10ರ ಮುಂಜಾನೆ ಭಾರತದ ಕ್ಷಿಪಣಿಗಳು ರಾವಲ್ಪಿಂಡಿಯ ನೂರ್ ಖಾನ್ ವಾಯುನೆಲೆಗೂ ಅಪ್ಪಳಿಸಿದವು. ಪಾಕಿಸ್ತಾನಿ ಸೇನೆಯ ಪ್ರಧಾನ ಕಚೇರಿ ಇರುವುದು ಅದೇ ನಗರದಲ್ಲಿ. ಅದರ ಬೆನ್ನಿಗೇ, ಕಿರಾನಾ ಬೆಟ್ಟಗಳಲ್ಲಿ ಅಡಗಿಸಿಟ್ಟಿರುವ ಅಣ್ವಸ್ತ್ರಗಳ ಮೇಲೆ ದಾಳಿಯಾಗಿದೆ, ವಿಕಿರಣ ಸೋರುತ್ತಿದೆ ಎಂಬ ವದಂತಿ ಹರಡಿತು. ಭಾರತೀಯ ವಾಯುಪಡೆ ಅದನ್ನು ಸ್ಪಷ್ಟವಾಗಿ ನಿರಾಕರಿಸಿತು. ಪಾಕಿಸ್ತಾನದ ಯಾವ ಅಣು ಕೇಂದ್ರದಿಂದಲೂ ವಿಕಿರಣ ಸೋರಿಕೆಯಾಗಿಲ್ಲವೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಹೇಳಿತು. ಆದರೆ ಆ ದಿನಗಳಲ್ಲಿ ನಮ್ಮ ಹಲವು ವಾಹಿನಿಗಳು ಕರಾಚಿ ಬಂದರು ಭಸ್ಮವಾಗಿದೆಯೆಂದು ರಾತ್ರಿಯಿಡೀ ಕಿರುಚಾಡಿದ್ದನ್ನು ಯಾರು ಮರೆಯಲು ಸಾಧ್ಯ? ಅದೂ ಸುಳ್ಳೇ ಆಗಿತ್ತು. ಅಣ್ವಸ್ತ್ರದ ಗುಂಡಿಯ ಪಕ್ಕದಲ್ಲಿ ಕುಳಿತ ಅಧಿಕಾರಿಯೊಬ್ಬ ಇಂತಹ ಸುದ್ದಿಗಳನ್ನು ನಂಬಿದರೆ ಪರಿಣಾಮವೇನಾದೀತು?

ಈ ಭೀತಿ ಕೇವಲ ಕಲ್ಪನೆಯದ್ದಲ್ಲ. 1983ರ ಸೆಪ್ಟಂಬರ್ 26ರಂದು ಸೋವಿಯತ್ ಒಕ್ಕೂಟದ ಮುನ್ನೆಚ್ಚರಿಕೆ ಕೇಂದ್ರದಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿಗೆ, ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆಯೆಂದು ಉಪಗ್ರಹ ವ್ಯವಸ್ಥೆ ತೋರಿಸಿತು. ಇದು ಯಂತ್ರದ ದೋಷವಾಗಿರಬೇಕೆಂದು ಆತ ತೀರ್ಮಾನಿಸಿದ. ಆತನ ಊಹೆ ನಿಜವಾಗಿತ್ತು. ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹ ಕ್ಷಿಪಣಿಯೆಂದು ಗ್ರಹಿಸಿತ್ತು. ಅಮೆರಿಕದಿಂದ ಹೊರಟ ಕ್ಷಿಪಣಿ ರಶ್ಯ ತಲುಪಲು ಸುಮಾರು ಅರ್ಧ ಗಂಟೆ ಬೇಕು. ಪೆಟ್ರೋವ್‌ಗೆ ಯೋಚಿಸಲು ಒಂದಿಷ್ಟಾದರೂ ಸಮಯವಿತ್ತು. ನಮ್ಮ ಉಪಖಂಡದಲ್ಲಿ ಕ್ಷಿಪಣಿಯೊಂದು ಗಡಿ ದಾಟಿ ನಗರ ತಲುಪಲು ಬೇಕಾಗುವುದು ಬೆರಳೆಣಿಕೆಯ ನಿಮಿಷಗಳು.

ನಮ್ಮಲ್ಲಿಯೂ ಅಂತಹದ್ದೊಂದು ಘಟನೆ ನಡೆದಿದೆ. 2022ರ ಮಾರ್ಚ್ 9ರಂದು ಭಾರತದಿಂದ ಹಾರಿದ ಒಂದು ಕ್ಷಿಪಣಿ ಪಾಕಿಸ್ತಾನದೊಳಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಮಿಯಾಂ ಚನ್ನು ಎಂಬ ಊರಿನ ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಎರಡು ದಿನಗಳ ಬಳಿಕ ಭಾರತ ಸರಕಾರ, ದಿನನಿತ್ಯದ ನಿರ್ವಹಣೆಯ ವೇಳೆ ತಾಂತ್ರಿಕ ದೋಷದಿಂದ ಕ್ಷಿಪಣಿ ಆಕಸ್ಮಿಕವಾಗಿ ಹಾರಿತೆಂದು ಒಪ್ಪಿಕೊಂಡು ವಿಷಾದಿಸಿತು. ಅದೇ ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾಗೊಳಿಸಲಾಯಿತು. ಪಾಕಿಸ್ತಾನ ಸಂಯಮ ತೋರಿತೆಂಬುದನ್ನು ಮೆಚ್ಚಲೇಬೇಕು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಎರಡು ಸೇನೆಗಳ ನಡುವೆ ನೇರ ದೂರವಾಣಿ ಸಂಪರ್ಕವಿರುವಾಗ ಒಂದು ಬಹಿರಂಗ ಹೇಳಿಕೆಗೆ ಎರಡು ದಿನ ಬೇಕಾದದ್ದೇಕೆ? ಇದೇ ಘಟನೆ 2019ರ ಫೆಬ್ರವರಿಯಲ್ಲಿ, ಬಾಲಾಕೋಟ್ ದಾಳಿಯ ಮರುದಿನ ನಡೆದಿದ್ದರೆ? ಅಥವಾ 2025ರ ಮೇ 9ರ ರಾತ್ರಿ ನಡೆದಿದ್ದರೆ?

ಆ ಕ್ಷಿಪಣಿ ಬಿದ್ದದ್ದು ಮಿಯಾಂ ಚನ್ನುವಿನಲ್ಲಿ. ಆದರೆ ಅದು ನುಸುಳಿ ಹೋದದ್ದು ಒಪ್ಪಂದಗಳ ಸಂದಿಯಲ್ಲಿ. 2005ರ ಅಕ್ಟೋಬರ್‌ನಲ್ಲಿ ಉಭಯ ದೇಶಗಳು ಕ್ಷಿಪಣಿ ಪರೀಕ್ಷೆಗೆ ಮುಂಚಿತವಾಗಿ, ಕನಿಷ್ಠ ಮೂರು ದಿನ ಮೊದಲೇ ಪರಸ್ಪರ ತಿಳಿಸುವ ಒಪ್ಪಂದ ಮಾಡಿಕೊಂಡವು. ಅದು ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ ಅನ್ವಯ. ಬ್ರಹ್ಮೋಸ್, ಬಾಬರ್‌ಗಳಂತಹ ಕ್ರೂಸ್ ಕ್ಷಿಪಣಿಗಳು ಅದರ ಹೊರಗೆ. 2007ರ ಒಪ್ಪಂದ ಅಣ್ವಸ್ತ್ರ ಸಂಬಂಧಿ ಅಪಘಾತಗಳ ಬಗ್ಗೆ ತಕ್ಷಣ ತಿಳಿಸಬೇಕೆನ್ನುತ್ತದೆ. ಮಿಯಾಂ ಚನ್ನುವಿನಲ್ಲಿ ಬಿದ್ದದ್ದು ಅಣ್ವಸ್ತ್ರವಲ್ಲ. ವಾಯುಗಡಿ ಉಲ್ಲಂಘನೆಯ ಕುರಿತು 1991ರ ಒಪ್ಪಂದವಿದೆ. ಅದು ವಿಮಾನಗಳನ್ನು ಕುರಿತದ್ದು. ಇನ್ನು ಡ್ರೋನ್‌ಗಳೋ, ಈ ಕಾಗದಗಳನ್ನೆಲ್ಲ ಬರೆಯುವ ಕಾಲಕ್ಕೆ ಅವು ಈ ಗಡಿಯ ಸಮಸ್ಯೆಯೇ ಆಗಿರಲಿಲ್ಲ. 2025ರ ಮೇ ತಿಂಗಳಲ್ಲಿ ನೂರಾರು ಡ್ರೋನ್‌ಗಳು ಗಡಿ ದಾಟಿದವು. ಶಸ್ತ್ರಗಳು ಇಪ್ಪತ್ತು ವರ್ಷ ಮುಂದೆ ಹೋಗಿವೆ, ಒಪ್ಪಂದಗಳು ಇದ್ದಲ್ಲೇ ಇವೆ.

2007ರ ಆ ಒಪ್ಪಂದಕ್ಕೆ ಸಹಿ ಬಿದ್ದ ಸನ್ನಿವೇಶವನ್ನು ಇಂದಿನ ನಾಯಕರು ನೆನಪಿಸಿಕೊಳ್ಳುವುದು ಒಳಿತು. ಫೆಬ್ರವರಿ 18ರ ರಾತ್ರಿ ದಿಲ್ಲಿಯಿಂದ ಅಟಾರಿಯತ್ತ ಹೊರಟಿದ್ದ ಸಂಜೋತಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಪಾಣಿಪತ್ ಬಳಿ ಬಾಂಬ್ ಸಿಡಿಯಿತು. 68 ಮಂದಿ ಬೆಂದು ಹೋದರು. ಅವರಲ್ಲಿ ಹೆಚ್ಚಿನವರು ಪಾಕಿಸ್ತಾನದ ಪ್ರಜೆಗಳು, ಸಂಬಂಧಿಕರನ್ನು ಕಂಡು ಊರಿಗೆ ಮರಳುತ್ತಿದ್ದವರು. ಪಾಕಿಸ್ತಾನದ ವಿದೇಶ ಸಚಿವ ಖುರ್ಷಿದ್ ಮಹ್ಮೂದ್ ಕಸೂರಿಯವರ ದಿಲ್ಲಿ ಭೇಟಿ ಅದೇ ವಾರ ನಿಗದಿಯಾಗಿತ್ತು. ಅವರು ಭೇಟಿಯನ್ನು ರದ್ದುಪಡಿಸಬಹುದಿತ್ತು. ತಮ್ಮ ದೇಶದ ಜನರ ಆಕ್ರೋಶವನ್ನು ನೆಪವಾಗಿ ಒಡ್ಡಬಹುದಿತ್ತು. ರದ್ದುಪಡಿಸಲಿಲ್ಲ. ಶವಗಳ ಗುರುತು ಪತ್ತೆಯ ಕಾರ್ಯ ಇನ್ನೂ ನಡೆಯುತ್ತಿದ್ದಾಗಲೇ, ಫೆಬ್ರವರಿ 21ರಂದು, ದಿಲ್ಲಿಯಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಬಾಂಬಿಟ್ಟವರ ಉದ್ದೇಶ ಏನಿತ್ತೋ ಅದು ಅಂದಿಗೆ ನೆರವೇರಲಿಲ್ಲ.

ಭಯೋತ್ಪಾದನೆ ಮತ್ತು ಮಾತುಕತೆ ಜೊತೆಯಾಗಿ ಸಾಗದು ಎಂಬುದು ಇಂದು ದಿಲ್ಲಿಯ ಘೋಷಿತ ನಿಲುವು. ಈ ವಾದವನ್ನು ಸುಲಭವಾಗಿ ತಳ್ಳಿ ಹಾಕುವಂತಿಲ್ಲ. ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋಗಿ 1999ರ ಫೆಬ್ರವರಿಯಲ್ಲಿ ಅಣ್ವಸ್ತ್ರ ಅಪಾಯ ತಗ್ಗಿಸುವ ತಿಳುವಳಿಕೆಗೆ ಬಂದು ಮೂರು ತಿಂಗಳಾಗುವಷ್ಟರಲ್ಲಿ ಕಾರ್ಗಿಲ್‌ನ ಶಿಖರಗಳಲ್ಲಿ ಪಾಕ್ ಸೈನಿಕರು ಕಾಣಿಸಿಕೊಂಡಿದ್ದರು. ಮುಂಬೈಯಲ್ಲಿ 166 ಮಂದಿಯನ್ನು ಕೊಂದವರ ಸೂತ್ರಧಾರರಿಗೆ ಪಾಕಿಸ್ತಾನದ ನ್ಯಾಯ ವ್ಯವಸ್ಥೆ ಆ ಅಪರಾಧಕ್ಕಾಗಿ ತಕ್ಕ ಶಿಕ್ಷೆ ನೀಡಿದ್ದನ್ನು ನಾವು ಕಂಡಿಲ್ಲ. ತನ್ನ ನೆಲದ ಸಶಸ್ತ್ರ ಗುಂಪುಗಳನ್ನು ಕೈದಾಳಗಳಂತೆ ಪೋಷಿಸಿಕೊಂಡು ಬಂದ ಪಾಕ್ ಸೇನೆಯ ನೀತಿಯೇ ಈ ಉಪಖಂಡದ ಮೇಲೆ ತೂಗುತ್ತಿರುವ ಅಣುಭೀತಿಯ ಒಂದು ಮುಖ್ಯ ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ. ಅಂತಹ ಗುಂಪುಗಳು ಇಸ್ಲಾಮಿನ ಹೆಸರೆತ್ತಿದೊಡನೆ ಅವರ ಪಾಪ ತೊಳೆದು ಹೋಗುವುದಿಲ್ಲ.

ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಲಾಗುತ್ತಿದೆ. ವ್ಯಾಪಾರ, ಕ್ರಿಕೆಟ್, ಶೃಂಗಸಭೆ ಇವನ್ನು ಬೇಕಿದ್ದರೆ ಸದ್ವರ್ತನೆಗೆ ಬಹುಮಾನವೆಂದು ತಡೆದಿಡಬಹುದು. ಅಣು ಅಪಘಾತ ತಡೆಯುವ ಮಾತುಕತೆ ಯಾರಿಗೆ ಕೊಡುವ ಬಹುಮಾನ? ನೆರೆಮನೆಯವನೊಡನೆ ಜಗಳವಿದೆಯೆಂದು ಎರಡೂ ಮನೆಗೆ ಸೇರಿದ ಗೋಡೆಯ ಬಿರುಕನ್ನು ನೋಡದೆ ಬಿಡುವವರುಂಟೇ? ಭಯೋತ್ಪಾದಕ ಕೃತ್ಯವನ್ನು ಇನ್ನು ಮುಂದೆ ಯುದ್ಧವೆಂದೇ ಪರಿಗಣಿಸುವುದಾಗಿ, ಅಣ್ವಸ್ತ್ರದ ಬೆದರಿಕೆಗೆ ಮಣಿಯುವುದಿಲ್ಲವೆಂದು ಸರಕಾರ ಘೋಷಿಸಿದೆ. ಅದೇ ನೀತಿಯಾದರೆ ಮುಂದಿನ ಸಂಘರ್ಷಕ್ಕೆ ಬೇಕಾದದ್ದು ಒಂದು ಬಾಂಬು, ಒಬ್ಬ ತಲೆಕೆಟ್ಟವ ಅಷ್ಟೇ. ಅಂತಹ ಸ್ಥಿತಿಯಲ್ಲಿ ಸಂಪರ್ಕದ ತಂತಿಗಳು ಮೊದಲಿಗಿಂತ ಗಟ್ಟಿಯಾಗಿರಬೇಕಲ್ಲದೆ ಸಡಿಲವಾಗಿರಬಾರದು.

ತಂತಿ ಸಡಿಲವಾದಾಗ ಆ ಜಾಗಕ್ಕೆ ಮೂರನೆಯವರು ಬಂದು ಕೂರುತ್ತಾರೆ. ಮೇ 10ರ ಕದನ ವಿರಾಮದ ಸುದ್ದಿಯನ್ನು ಉಪಖಂಡದ ಜನರು ಮೊದಲು ತಿಳಿದದ್ದು ತಮ್ಮ ಪ್ರಧಾನಿಗಳಿಂದಲ್ಲ, ಅಮೆರಿಕದ ಅಧ್ಯಕ್ಷ ಟ್ರಂಪ್‌ರಿಂದ. ಅಂದು ಮಧ್ಯಾಹ್ನ ಪಾಕ್ ಸೇನೆಯ ಕಾರ್ಯಾಚರಣೆ ಮಹಾನಿರ್ದೇಶಕರು ಭಾರತದ ಮಹಾನಿರ್ದೇಶಕರಿಗೆ ಮಾಡಿದ ದೂರವಾಣಿ ಕರೆಯಿಂದಲೇ ವಿರಾಮ ಸಾಧ್ಯವಾಯಿತೆಂದು ಭಾರತ ಹೇಳುತ್ತದೆ. ಅದು ನಿಜವಾದರೆ, ಆ ದೂರವಾಣಿಗಿರುವ ಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ವಾಷಿಂಗ್ಟನ್ನಿನ ಮಧ್ಯಸ್ಥಿಕೆ ಬೇಡವೆನ್ನುವವರು ಇಸ್ಲಾಮಾಬಾದ್‌ನೊಡನೆ ನೇರ ಮಾತನ್ನೂ ಬೇಡವೆಂದರೆ ಉಳಿಯುವ ದಾರಿ ಯಾವುದು?

ದೊಡ್ಡ ರಾಷ್ಟ್ರಗಳನ್ನು ನಂಬಿ ಕೂರುವ ಕಾಲವಂತೂ ಇದಲ್ಲ. ಅಮೆರಿಕ ಮತ್ತು ರಶ್ಯಗಳ ದೀರ್ಘ ವ್ಯಾಪ್ತಿಯ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ಕೊನೆಯ ಒಪ್ಪಂದ 'ನ್ಯೂ ಸ್ಟಾರ್ಟ್' 2026ರ ಫೆಬ್ರವರಿ 5ರಂದು ಅವಧಿ ಮುಗಿದು ಹೋಯಿತು. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯಾದ ಸಿಪ್ರಿಯ 2025ರ ಅಂದಾಜಿನಂತೆ ಲೋಕದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಅಣು ಸಿಡಿತಲೆಗಳಿದ್ದು, ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಈ ಇಬ್ಬರ ಬಳಿಯಲ್ಲೇ ಇವೆ. ಚೀನಾದ ಬಳಿ ಸುಮಾರು 600, ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ ಸುಮಾರು 170. ಇದೊಂದು ಸರಪಳಿ. ಅಮೆರಿಕವನ್ನು ನೋಡಿ ಚೀನಾ ಹೆಚ್ಚಿಸುತ್ತದೆ, ಚೀನಾವನ್ನು ನೋಡಿ ಭಾರತ, ಭಾರತವನ್ನು ನೋಡಿ ಪಾಕಿಸ್ತಾನ. ಪಾಕಿಸ್ತಾನ 2020ರಿಂದ 2024ರ ವರೆಗೆ ಆಮದು ಮಾಡಿಕೊಂಡ ಶಸ್ತ್ರಗಳಲ್ಲಿ ಶೇಕಡಾ 81 ಚೀನಾದವು. ಭಾರತಕ್ಕೆ ಮಾರುವವರು ರಶ್ಯ, ಫ್ರಾನ್ಸ್, ಇಸ್ರೇಲ್, ಅಮೆರಿಕ. 2025ರ ಮೇ ತಿಂಗಳ ಕದನದ ಬಳಿಕ ಲೋಕದ ಪತ್ರಿಕೆಗಳು ಹೆಚ್ಚಾಗಿ ಚರ್ಚಿಸಿದ್ದು ಪೂಂಛ್‌ನಲ್ಲಿ ಶೆಲ್ ಬಿದ್ದು ಸತ್ತ ಮಕ್ಕಳ ಬಗ್ಗೆಯಲ್ಲ, ಯಾವ ದೇಶದ ವಿಮಾನ ಮೇಲು, ಯಾವ ದೇಶದ ಕ್ಷಿಪಣಿ ಮೇಲು ಎಂಬ ಬಗ್ಗೆ. ನಮ್ಮ ಗಡಿ ಅವರಿಗೆ ಪ್ರದರ್ಶನ ಮಳಿಗೆ.

ಹಾಗೆಂದು ನೆರೆಹೊರೆಯವರು ತಾವೇ ಕುಳಿತು ಮಾಡಿಕೊಂಡ ಒಪ್ಪಂದಗಳು ವ್ಯರ್ಥವಾಗಿವೆಯೇ? ಇಲ್ಲ. ಚೀನಾದೊಡನೆ ಭಾರತ 1993 ಮತ್ತು 1996ರಲ್ಲಿ ಮಾಡಿಕೊಂಡ ಒಪ್ಪಂದಗಳು ವಾಸ್ತವ ನಿಯಂತ್ರಣ ರೇಖೆಯ ಬಳಿ ಗುಂಡು ಹಾರಿಸುವುದನ್ನು ನಿರ್ಬಂಧಿಸುತ್ತವೆ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಮಂದಿ ಯೋಧರು ಹುತಾತ್ಮರಾದ ಆ ಭೀಕರ ರಾತ್ರಿಯಲ್ಲಿಯೂ ಬಂದೂಕುಗಳು ಮೊಳಗಲಿಲ್ಲ. ಮೊಳಗಿದ್ದರೆ ಅದು ಒಂದು ರಾತ್ರಿಗೆ ಮುಗಿಯುತ್ತಿರಲಿಲ್ಲ. ಇನ್ನೂ ದೂರದ ಉದಾಹರಣೆ ಬೇಕಿದ್ದರೆ ಅರ್ಜೆಂಟೀನಾ ಮತ್ತು ಬ್ರೆಜಿಲ್‌ಗಳನ್ನು ನೋಡಬಹುದು. ಸೇನಾಡಳಿತದ ಕಾಲದಲ್ಲಿ ಎರಡೂ ದೇಶಗಳು ಗುಟ್ಟಾಗಿ ಅಣು ಕಾರ್ಯಕ್ರಮ ನಡೆಸುತ್ತಿದ್ದವು. ಪ್ರಜಾಪ್ರಭುತ್ವ ಮರಳಿದ ನಂತರ ಅಧ್ಯಕ್ಷರಾದ ಅಲ್ಫೊನ್ಸಿನ್ ಮತ್ತು ಸಾರ್ನಿ ಪರಸ್ಪರರನ್ನು ತಮ್ಮ ಗುಪ್ತ ಸ್ಥಾವರಗಳಿಗೇ ಕರೆದೊಯ್ದು ತೋರಿಸಿದರು. 1991ರಲ್ಲಿ ಎರಡೂ ದೇಶಗಳು ಜಂಟಿ ತಪಾಸಣಾ ಸಂಸ್ಥೆಯನ್ನೇ ಸ್ಥಾಪಿಸಿದವು. ಅಲ್ಲಿ ಬಾಂಬ್ ಇನ್ನೂ ತಯಾರಾಗಿರಲಿಲ್ಲ, ಇಲ್ಲಿ ತಯಾರಾಗಿದೆ ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೂ ಅವರು ಆರಂಭಿಸಿದ್ದು ನಂಬಿಕೆಯಿಂದಲ್ಲ, ಬಾಗಿಲು ತೆರೆದು ತೋರಿಸುವುದರಿಂದ.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನ ಮರಳನ್ನು ದೇಶಕ್ಕೆಲ್ಲ ಹಂಚುವ ಮಾತು ಇಲ್ಲಿ ಕೇಳಿ ಬಂದಿತ್ತು. ಅಲ್ಲಿ ಚಾಗೈ ಬೆಟ್ಟದ ಪ್ರತಿಕೃತಿಗಳನ್ನು ಪಟ್ಟಣಗಳ ವೃತ್ತಗಳಲ್ಲಿ ನಿಲ್ಲಿಸಿ, 'ಇಸ್ಲಾಮಿಕ್ ಬಾಂಬ್' ಎಂದು ಬೀಗಿದರು. ಮಗು, ಮುದುಕ, ಹೆಣ್ಣು, ಪೈರು, ಮರ ಯಾವುದನ್ನೂ ಯುದ್ಧದಲ್ಲಿ ನಾಶಪಡಿಸಬಾರದೆಂದು ಕಲಿಸಿದ ಧರ್ಮದ ಹೆಸರನ್ನು, ಇವೆಲ್ಲವನ್ನೂ ಒಂದೇ ಕ್ಷಣದಲ್ಲಿ ಸುಟ್ಟು ಹಾಕುವ ವಸ್ತುವಿಗೆ ಅಂಟಿಸುವುದು ಎಂತಹ ಅಪಚಾರ! ಆ 'ಇಸ್ಲಾಮಿಕ್ ಬಾಂಬ್'ನ ಪಿತಾಮಹರೆನಿಸಿದ ಎ. ಕ್ಯೂ. ಖಾನ್, ಅಣು ತಂತ್ರಜ್ಞಾನವನ್ನು ಹೊರದೇಶಗಳಿಗೆ ಸಾಗಿಸಿದ್ದನ್ನು 2004ರ ಫೆಬ್ರವರಿಯಲ್ಲಿ ಟಿ.ವಿ.ಯಲ್ಲೇ ಒಪ್ಪಿಕೊಳ್ಳಬೇಕಾಯಿತು. ಗಡಿಯಲ್ಲಿ ಉದ್ವಿಗ್ನತೆ ಏರಿದಾಗಲೆಲ್ಲ ಇಲ್ಲಿನ ಮುಸ್ಲಿಮರು ದೇಶನಿಷ್ಠೆಯ ಪ್ರಮಾಣಪತ್ರ ತೋರಿಸಬೇಕಾದ ಸ್ಥಿತಿ ಎದುರಾಗುತ್ತದೆ. ಅದರ ನೋವು ನಮಗೆ ಗೊತ್ತಿದೆ. ಆದರೆ ಆ ನೋವಿಗೆ ಅಂಜಿ, ಶಾಂತಿಯ ಪರವಾದ ಮಾತನ್ನು ಬೇರೆಯವರೇ ಆಡಲಿ ಎಂದು ನಾವು ಮೌನವಾಗಿರುವುದೂ ಸರಿಯಲ್ಲ.

ಈಗ ಆಗಬೇಕಾದದ್ದು ಬಹಳ ದೊಡ್ಡದೇನಲ್ಲ. ಕಾಶ್ಮೀರ ಪ್ರಶ್ನೆ ಬಗೆಹರಿಯುವ ವರೆಗೆ ಕಾಯಬೇಕಾಗಿಲ್ಲ. 2014ರ ಕಠ್ಮಂಡು ಸಮಾವೇಶದ ಬಳಿಕ ಶೃಂಗಸಭೆಯನ್ನೇ ಕಾಣದ ಸಾರ್ಕ್‌ಗೆ ಜೀವ ಬರಲಿ ಎಂದೂ ಕಾಯಬೇಕಾಗಿಲ್ಲ. 2005ರ ಒಪ್ಪಂದಕ್ಕೆ ಕ್ರೂಸ್ ಕ್ಷಿಪಣಿಗಳನ್ನು ಸೇರಿಸಬೇಕು. ಕ್ಷಿಪಣಿಯೊಂದು ಕೈತಪ್ಪಿ ಹಾರಿದರೆ, ಅದರಲ್ಲಿ ಸಿಡಿತಲೆ ಇರಲಿ ಇಲ್ಲದಿರಲಿ, ನಿಮಿಷಗಳೊಳಗೆ ಎದುರು ಪಕ್ಷಕ್ಕೆ ತಿಳಿಸುವುದನ್ನು ಕಡ್ಡಾಯಗೊಳಿಸಬೇಕು. ಡ್ರೋನ್‌ಗಳ ಕುರಿತು ಒಂದು ನಿಯಮ ಬೇಕು. 2019ರ ಆಗಸ್ಟ್‌ನಿಂದ ಎರಡೂ ರಾಜಧಾನಿಗಳಲ್ಲಿ ಖಾಲಿ ಬಿದ್ದ ಹೈಕಮಿಷನರರ ಕುರ್ಚಿಗಳು ತುಂಬಬೇಕು. ಕರೆ ಸ್ವೀಕರಿಸುವವನ ಹೆಸರು, ಮುಖ, ಸ್ವಭಾವ ಗೊತ್ತಿದ್ದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಇದಕ್ಕೆ ಪ್ರಧಾನಿಗಳ ಆಲಿಂಗನವಾಗಲಿ, ಕ್ಯಾಮರಾಗಳ ಸಾಲಾಗಲಿ ಬೇಕಿಲ್ಲ. 2021ರ ಫೆಬ್ರವರಿ 25ರಂದು ಎರಡೂ ಕಡೆಯ ಸೇನಾಧಿಕಾರಿಗಳು ಸದ್ದಿಲ್ಲದೆ ದೂರವಾಣಿಯಲ್ಲೇ ಮಾತಾಡಿ ನಿಯಂತ್ರಣ ರೇಖೆಯಲ್ಲಿ ಗುಂಡಿನ ಮೊರೆತವನ್ನು ನಿಲ್ಲಿಸಿದ್ದರು. ಉರಿ, ಪೂಂಛ್, ರಜೌರಿಯ ಹಳ್ಳಿಗರು ಅದರ ಫಲವಾಗಿ ನಾಲ್ಕು ವರ್ಷ ತಮ್ಮ ಹೊಲಗಳಲ್ಲಿ ಬೆಳೆ ಕೊಯ್ದರು.